ಓದುಗರ ಪ್ರಶ್ನೆ, ನಮ್ಮ ಉತ್ತರ: ಬೆಳೆದ ಚರ್ಚಾಗುಂಪನ್ನು ಒಡೆಯಬೇಕೇ?

ಈ ಸಲದ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಹವ್ಯಾಸಿ ಆಕಾಶವೀಕ್ಷಕರ ಅಂತರ್ಜಾಲ ಗುಂಪೊಂದರ ನಿರ್ವಾಹಕರು ಬರೆದ ಪತ್ರ ಮೊದಲು ಬಂತು. ಅದೇ ತೊಂದರೆಯನ್ನು ಬೇರೆ ಬೇರೆ ಕಡೆಯಿಂದ ಕಂಡ ಇನ್ನು ಕೆಲವರ ಪತ್ರಗಳನ್ನೂ ಜೊತೆಗೆ ಸೇರಿಸಿಕೊಂಡಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ಮಾನ್ಯರೇ, ನಮ್ಮ ಗುಂಪಿನಲ್ಲಿ ಈಗ ಸುಮಾರು 600 ಸದಸ್ಯರಿದ್ದಾರೆ. ಮೊದಲ ಬಾರಿಗೆ ಬೈನಾಕ್ಯುಲರ್ ಕೊಂಡವರು, ಕನ್ನಡಿ ಉಜ್ಜಿ ತಾವೇ ದೂರದರ್ಶಕ ಮಾಡಿಕೊಳ್ಳುವವರು, ನೀಹಾರಿಕೆಗಳ (ಆಕಾಶದಲ್ಲಿನ ಅನಿಲ ಮತ್ತು ಧೂಳಿನ ಮೋಡಗಳ) ಛಾಯಾಚಿತ್ರ ತೆಗೆಯುವವರು, ಕಾಂತಿ ಬದಲಾಗುವ ನಕ್ಷತ್ರಗಳ ಲೆಕ್ಕ ಇಡುವವರು, ಉಲ್ಕೆ ಎಣಿಸುವವರು, ಹಳೆಯ ಉಪಕರಣ ಮಾರುವವರು, ಎಲ್ಲರೂ ಒಂದೇ ಕಡೆ ಬರೆಯುತ್ತಾರೆ. ಬೆಳಗ್ಗೆ ಹಾಕಿದ ಒಳ್ಳೆಯ ಪ್ರಶ್ನೆ ಸಂಜೆಯೊಳಗೆ ಎಲ್ಲೋ ಹೂತುಹೋಗಿರುತ್ತದೆ. ಹಳಬರಲ್ಲಿ ಹಲವರು ಗುಂಪನ್ನು ಮ್ಯೂಟ್ ಮಾಡಿ ಕುಳಿತಿದ್ದಾರೆ. ಆಸಕ್ತಿಗೊಂದರಂತೆ ಆರು ಉಪಗುಂಪು ಮಾಡಿ ಈಗಿನ ಗುಂಪನ್ನು ಮುಚ್ಚಿಬಿಡೋಣ ಎಂಬ ಸಲಹೆ ಬಂದಿದೆ. ತಮ್ಮ ಅಭಿಪ್ರಾಯವೇನು?

ಉತ್ತರ: ಆರಾಗಿ ಒಡೆಯುವುದು ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಒಂದೆರಡು ಕೆಲಸಗಳನ್ನು ಮಾತ್ರ ಬೇರೆ ಮಾಡಿ, ಪ್ರಶ್ನೆ ಕೇಳುವ ಮತ್ತು ಉತ್ತರ ಸಿಗುವ ಜಾಗವನ್ನು ಒಂದಾಗಿಯೇ ಉಳಿಸಿಕೊಳ್ಳಿ. ಇದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಗುಂಪನ್ನು ಒಡೆಯಲು ಒಂದು ಸಂಜೆ ಸಾಕು, ಮತ್ತೆ ಕೂಡಿಸಲು ವರ್ಷಗಳೇ ಸಾಲದೆ ಹೋಗಬಹುದು.

ಮೊದಲು ತೊಂದರೆ ಯಾವುದೆಂದು ಗುರುತಿಸಿಕೊಳ್ಳಿ. ತಮ್ಮ ಪತ್ರದಲ್ಲಿ ಎರಡು ದೂರುಗಳು ಬೆರೆತಿವೆ. ಸಂದೇಶಗಳು ಓದಲಾಗದಷ್ಟು ಹೆಚ್ಚಿವೆ ಎಂಬುದು ಒಂದು, ತಮಗೆ ಬೇಡದ ವಿಷಯದ ಸಂದೇಶಗಳು ಹೆಚ್ಚಿವೆ ಎಂಬುದು ಇನ್ನೊಂದು. ಕಳೆದ ಒಂದು ತಿಂಗಳ ಸಂದೇಶಗಳನ್ನು ಇಬ್ಬರು ನಿರ್ವಾಹಕರು ಕುಳಿತು ವಿಂಗಡಿಸಿ ನೋಡಲಿ. ಶುಭಾಶಯಗಳು, ಎಲ್ಲಿಂದಲೋ ಬಂದ ಫಾರ್ವರ್ಡ್‌ಗಳು, ಒಂದೇ ಉತ್ತರಕ್ಕೆ ಸಾಲುಸಾಲಾಗಿ ಬೀಳುವ ಧನ್ಯವಾದಗಳು, ಮಾರುವವರು ಮತ್ತು ಕೊಳ್ಳುವವರ ನಡುವಿನ ಚೌಕಾಸಿ, ಹೋದ ವಾರವೇ ಉತ್ತರ ಸಿಕ್ಕಿದ್ದ ಪ್ರಶ್ನೆಗಳು, ಇವೇ ದೊಡ್ಡ ಪಾಲಾಗಿದ್ದರೆ ಆಸಕ್ತಿಗೊಂದು ಗುಂಪು ಮಾಡುವುದು ಅದಕ್ಕೆ ಮದ್ದಲ್ಲ. ಫಾರ್ವರ್ಡ್ ಮಾಡುವ ಅಭ್ಯಾಸವಿರುವ ಸದಸ್ಯರು ಆರೂ ಗುಂಪುಗಳನ್ನು ಸೇರುತ್ತಾರೆ, ಒಂದರಲ್ಲಿ ಹಾಕುತ್ತಿದ್ದುದನ್ನು ಆರರಲ್ಲೂ ಹಾಕುತ್ತಾರೆ. ಅಂಥದ್ದನ್ನು ತಡೆಯಲು ಬೇಕಾದದ್ದು ನಿಯಮ, ಅದನ್ನು ಮೆತ್ತಗೆ ಆದರೆ ತಪ್ಪದೆ ಜಾರಿಗೆ ತರುವ ನಿರ್ವಾಹಕರು, ಮತ್ತು ಮೇಲ್ಗಡೆ ಪಿನ್ ಮಾಡಿಟ್ಟ ಒಂದು ಪುಟದ ಉತ್ತರಸಂಗ್ರಹ.

ಇಷ್ಟೆಲ್ಲ ಮಾಡಿದ ಮೇಲೂ ಹೊರೆ ಉಳಿದರೆ ಆಗ ವಿಭಜನೆಯ ಮಾತನ್ನು ಎತ್ತಿಕೊಳ್ಳೋಣ. ಆದರೆ ಅದರಲ್ಲಿ ಏನು ಕಳೆದುಹೋಗುತ್ತದೆ ಎಂಬ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. 600 ಜನರಿರುವ ಗುಂಪಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಬಹುದಾದ ಜೋಡಿಗಳು 1,79,700. ಅದೇ ಜನರನ್ನು ತಲಾ 100ರಂತೆ ಆರು ಗುಂಪು ಮಾಡಿದರೆ ಒಂದೊಂದರಲ್ಲಿ 4,950 ಜೋಡಿಗಳು, ಒಟ್ಟು 29,700. ಅಂದರೆ ಆರರಲ್ಲಿ ಐದು ಪಾಲು ಭೇಟಿಗಳ ಸಾಧ್ಯತೆ ಇಲ್ಲವಾಗುತ್ತದೆ. ಆ ಭೇಟಿಗಳಲ್ಲಿ ಬಹುಪಾಲು ಎಂದೂ ನಡೆಯದಂಥವು ಎಂಬುದು ನಿಜ. ಆದರೆ ಗುಂಪಿನಲ್ಲಿ ಯಾರೂ ನಿರೀಕ್ಷಿಸದ ಕಡೆಯಿಂದ ಬಂದ ಒಳ್ಳೆಯ ಉತ್ತರಗಳೆಲ್ಲ ಹುಟ್ಟುವುದು ಆ ಸಾಧ್ಯತೆಯಿಂದಲೇ.

ಇದಕ್ಕಿಂತ ಗಂಭೀರವಾದುದು ಬರೆಯುವವರ ಸಂಖ್ಯೆ. ಜಾಲತಾಣಗಳ ಬಳಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಸ್ಥೂಲ ಸೂತ್ರವನ್ನು ಮುಂದಿಟ್ಟರು. ಇಂಥ ಸಮುದಾಯಗಳಲ್ಲಿ ನೂರಕ್ಕೆ ತೊಂಬತ್ತು ಜನ ಓದುವುದಷ್ಟನ್ನೇ ಮಾಡುತ್ತಾರೆ, ಒಂಬತ್ತು ಜನ ಆಗೀಗ ಬರೆಯುತ್ತಾರೆ, ಒಬ್ಬರು ಮಾತ್ರ ಸತತವಾಗಿ ಬರೆಯುತ್ತಾರೆ ಎಂಬುದು ಅದರ ಸಾರ. ಎಲ್ಲ ಗುಂಪುಗಳಿಗೂ ಇದು ಅಕ್ಷರಶಃ ಹೊಂದುವುದಿಲ್ಲ. ಆದರೂ ಹತ್ತಿರ ಹತ್ತಿರ ಹೀಗೇ ಇರುತ್ತದೆ ಎಂದು ಗುಂಪು ನಡೆಸಿದವರೆಲ್ಲರೂ ಒಪ್ಪುತ್ತಾರೆ. ತಮ್ಮ 600 ಜನರಲ್ಲಿ ಗುಂಪನ್ನು ಹೊತ್ತು ನಡೆಸುತ್ತಿರುವವರು ಸುಮಾರು ಆರು ಮಂದಿ ಇರಬಹುದು. ಆರು ಗುಂಪು ಮಾಡಿದರೆ ಒಂದೊಂದಕ್ಕೆ ಒಬ್ಬರು. ಆ ಒಬ್ಬರ ಮನೆಯಲ್ಲಿ ಮದುವೆಯಿದ್ದ ವಾರ, ಮಕ್ಕಳ ಪರೀಕ್ಷೆಯ ವಾರ, ಅವರೇ ಜ್ವರದಿಂದ ಮಲಗಿದ ವಾರ ಗುಂಪಿನಲ್ಲಿ ಉತ್ತರ ಹೇಳುವವರೇ ಇರುವುದಿಲ್ಲ. ಹಾಕಿದ ಪ್ರಶ್ನೆಗೆ ಎರಡು ಮೂರು ಸಲ ಉತ್ತರ ಬರದಿದ್ದರೆ ಕೇಳುವವರು ಮತ್ತೆ ಕೇಳುವುದಿಲ್ಲ, ಕೇಳುವವರಿಲ್ಲದ ಕಡೆ ಉತ್ತರ ಬಲ್ಲವರೂ ಇಣುಕುವುದಿಲ್ಲ.

ಒಂದೇ ಜಾಗದಲ್ಲಿ ಎಲ್ಲರೂ ಇರುವುದರ ಬೆಲೆ ಏನೆಂಬುದನ್ನು ತಮ್ಮ ಹವ್ಯಾಸದಿಂದಲೇ ಒಂದು ಉದಾಹರಣೆ ತೆಗೆದುಕೊಂಡು ನೋಡೋಣ. 2019ರ ಕೊನೆಯಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಕೆಂಪು ತಾರೆ ಆರ್ದ್ರಾ ಮಂಕಾಗತೊಡಗಿತು. ಅದರ ಕಾಂತಿಮಾನ ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು ಎಂದು ಅರ್ಥ. 2020ರ ಫೆಬ್ರುವರಿಯ ಹೊತ್ತಿಗೆ ಅದು 1.6ರ ಸಮೀಪಕ್ಕೆ ಇಳಿದಿತ್ತು. ಅಂಥ ಒಂದು ರಾತ್ರಿ ಗುಂಪಿಗೆ ಹೊಸದಾಗಿ ಸೇರಿದವರೊಬ್ಬರು, ಆರ್ದ್ರಾ ಚಿತ್ರದಲ್ಲಿ ನೋಡಿದಷ್ಟು ಹೊಳೆಯುತ್ತಿಲ್ಲವಲ್ಲ, ಇದು ನನ್ನ ಕಣ್ಣಿನ ದೋಷವೇ ಎಂದು ಕೇಳುತ್ತಾರೆ ಎಂದುಕೊಳ್ಳಿ. ಛಾಯಾಚಿತ್ರಕಾರರೊಬ್ಬರು ಹಿಂದಿನ ವರ್ಷ ಅದೇ ಲೆನ್ಸಿನಲ್ಲಿ ತೆಗೆದ ಚಿತ್ರವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿ ಹಾಕಬಲ್ಲರು. ನಕ್ಷತ್ರಗಳ ಕಾಂತಿಯ ಲೆಕ್ಕ ಇಡುವವರು, ಕೆಂಪು ಬಣ್ಣಕ್ಕೆ ಕ್ಯಾಮೆರಾ ಮತ್ತು ಕಣ್ಣು ಒಂದೇ ರೀತಿ ಸ್ಪಂದಿಸುವುದಿಲ್ಲ, ಕೆಂಪು ತಾರೆಯನ್ನು ದಿಟ್ಟಿಸುತ್ತಿದ್ದಷ್ಟೂ ಅದು ಹೆಚ್ಚು ಹೊಳೆದಂತೆ ತೋರುತ್ತದೆ, ಆದ್ದರಿಂದ ಕ್ಷಣಮಾತ್ರ ನೋಡಿ ಕಣ್ಣು ಹೊರಳಿಸಿ ಎಂದು ತಿದ್ದುತ್ತಾರೆ. ರೋಹಿಣಿಯ ಕಾಂತಿಮಾನ ಸುಮಾರು 0.9, ಮಹಾವ್ಯಾಧನ ಇನ್ನೊಂದು ಭುಜದಲ್ಲಿರುವ ಬೆಲ್ಲಾಟ್ರಿಕ್ಸಿನದು ಸುಮಾರು 1.6, ದಿಗಂತದಿಂದ ಇವೆಲ್ಲ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವಾಗ ಆರ್ದ್ರಾ ಈ ಎರಡರಲ್ಲಿ ಯಾವುದಕ್ಕೆ ಹತ್ತಿರವೆಂದು ನೋಡಿ ಬರೆದಿಡಿ ಎಂದು ದಾರಿ ತೋರಿಸುತ್ತಾರೆ. ದೂರದರ್ಶಕ ಮಾಡುವವರು, ಈ ಕೆಲಸಕ್ಕೆ ಬರಿಗಣ್ಣೇ ಸಾಕು, ನನ್ನ ದೊಡ್ಡ ಕನ್ನಡಿಯಲ್ಲಿ ರೋಹಿಣಿ ಮತ್ತು ಆರ್ದ್ರಾ ಒಟ್ಟಿಗೆ ಕಾಣುವುದೇ ಇಲ್ಲ ಎಂದು ಸೇರಿಸುತ್ತಾರೆ.

ಕೇಳಿದವರಿಗೆ ಆ ರಾತ್ರಿಯೇ ಒಂದು ವಿದ್ಯೆ ಕೈಹತ್ತುತ್ತದೆ, ಗುಂಪಿಗೆ ಒಬ್ಬ ಹೊಸ ವೀಕ್ಷಕರು ಸಿಗುತ್ತಾರೆ. ಆರಾಗಿ ಒಡೆದ ವ್ಯವಸ್ಥೆಯಲ್ಲಿ ಇದೇ ಪ್ರಶ್ನೆ ಆರಂಭಿಕರ ಗುಂಪಿಗೆ ಬೀಳುತ್ತಿತ್ತು, ಸಾಕ್ಷ್ಯ ಛಾಯಾಚಿತ್ರದ ಗುಂಪಿನಲ್ಲಿರುತ್ತಿತ್ತು, ಉತ್ತರ ಮೂರನೆಯ ಗುಂಪಿನಲ್ಲಿ ಕುಳಿತಿರುತ್ತಿತ್ತು. ತಾರೆಯಿಂದ ಹೊರಚಿಮ್ಮಿದ ಅನಿಲ ತಣಿದು ಧೂಳಾಗಿ ಅದರ ಒಂದು ಭಾಗವನ್ನು ಮರೆಮಾಡಿತ್ತು ಎಂಬ ವಿವರಣೆಯನ್ನು ಖಗೋಳವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅಂಥ ಸುದ್ದಿ ಬಂದಾಗಲೂ ಅದು ಯಾವ ಉಪಗುಂಪಿಗೆ ಸೇರಿದ್ದು ಎಂದು ಯೋಚಿಸುವ ಪರಿಸ್ಥಿತಿ ಬರಬಾರದು.

ಹಾಗಾದರೆ ವಿಶೇಷ ವಿಭಾಗಗಳೇ ಬೇಡವೇ? ಬೇಕು, ಆದರೆ ಅವು ಹೇಗೆ ಹುಟ್ಟಬೇಕೆಂಬುದರಲ್ಲಿ ವಿಷಯವಿದೆ. ವಿದ್ವತ್ ಸಂಸ್ಥೆಗಳು ಈ ಪ್ರಶ್ನೆಯನ್ನು ಎರಡು ಶತಮಾನಗಳ ಹಿಂದೆಯೇ ಎದುರಿಸಿವೆ. ಲಂಡನ್ನಿನ ರಾಯಲ್ ಸೊಸೈಟಿಗೆ ನಾಲ್ಕು ದಶಕಗಳ ಕಾಲ ಅಧ್ಯಕ್ಷರಾಗಿದ್ದ ಜೋಸೆಫ್ ಬ್ಯಾಂಕ್ಸ್, ಒಂದೊಂದು ಶಾಸ್ತ್ರಕ್ಕೆ ಒಂದೊಂದು ಸೊಸೈಟಿ ಹುಟ್ಟಿಕೊಂಡರೆ ಮೂಲಸಂಸ್ಥೆ ಬರಿದಾಗುತ್ತದೆಂದು ಹೆದರಿದ್ದರು. 1807ರಲ್ಲಿ ಸ್ಥಾಪನೆಯಾದ ಭೂವಿಜ್ಞಾನ ಸೊಸೈಟಿ ರಾಯಲ್ ಸೊಸೈಟಿಗೆ ಅಧೀನವಾಗಿರಲು ಒಪ್ಪದಿದ್ದಾಗ ಅವರು 1809ರಲ್ಲಿ ಅದರಿಂದ ಹೊರಬಂದರು. 1820ರಲ್ಲಿ ಖಗೋಳ ಸೊಸೈಟಿ ಹುಟ್ಟಿದಾಗಲೂ ವಿರೋಧಿಸಿದರು. ಅದರ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಸಾಮರ್ಸೆಟ್‌ನ ಡ್ಯೂಕ್, ಬ್ಯಾಂಕ್ಸ್ ಹಾಕಿದ ಒತ್ತಡಕ್ಕೆ ಮಣಿದು ಸ್ಥಾನ ಬಿಟ್ಟರು, ಬಳಿಕ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಅಧ್ಯಕ್ಷರಾದರು. ಬ್ಯಾಂಕ್ಸ್ ಭಯಪಟ್ಟಂತೆ ಏನೂ ಆಗಲಿಲ್ಲ. ಹೊಸ ಸೊಸೈಟಿಗಳಿಗೆ ತಮ್ಮದೇ ಆದ ಕೆಲಸವಿತ್ತು, ಅದನ್ನು ಮಾಡುವ ಜನರಿದ್ದರು, ವಿಲಿಯಂ ಅವರ ಮಗ ಜಾನ್ ಹರ್ಷೆಲ್‌ರಂಥವರು ಎರಡೂ ಕಡೆ ಇದ್ದು ದುಡಿದರು. ಈ ಇತಿಹಾಸ ನಮ್ಮ ಅಭಿಪ್ರಾಯಕ್ಕೆ ಪೂರ್ತಿ ಅನುಕೂಲವಾಗಿಲ್ಲ ಎಂಬುದನ್ನು ಬಲ್ಲೆವು. ಕೆಲಸವಿದ್ದು ಕೈಗಳಿದ್ದರೆ ಬೇರೆಯಾಗುವುದು ತಪ್ಪಲ್ಲ.

ತಮಗೆ ಇನ್ನೂ ಹತ್ತಿರದ ಮಾದರಿಯೆಂದರೆ 1890ರಲ್ಲಿ ಆರಂಭವಾದ ಬ್ರಿಟಿಷ್ ಖಗೋಳ ಸಂಘ. ರಾಯಲ್ ಖಗೋಳ ಸೊಸೈಟಿಯ (1820ರ ಖಗೋಳ ಸೊಸೈಟಿಗೆ ಮುಂದೆ ಬಂದ ಹೆಸರು ಇದು) ಶುಲ್ಕ ಕೊಡಲಾಗದವರು, ಅಲ್ಲಿನ ಪ್ರಬಂಧಗಳು ಕಠಿಣವೆನಿಸಿದವರು, ಹೆಂಗಸರೆಂಬ ಕಾರಣಕ್ಕೆ ಅಲ್ಲಿ ಪ್ರವೇಶ ಸಿಗದವರು, ಇವರಿಗೆಲ್ಲ ಈ ಸಂಘ ಬಾಗಿಲು ತೆರೆಯಿತು. ರಾಯಲ್ ಖಗೋಳ ಸೊಸೈಟಿ ಮಹಿಳೆಯರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1916ರಲ್ಲಿ. ಹೊಸ ಸಂಘ ಮೊದಲಿನಿಂದಲೇ ಸೂರ್ಯ, ಚಂದ್ರ, ಮಂಗಳ, ಗುರು, ಕಾಂತಿ ಬದಲಾಗುವ ನಕ್ಷತ್ರ ಎಂಬಂತೆ ವೀಕ್ಷಣಾ ವಿಭಾಗಗಳನ್ನು ಮಾಡಿಕೊಂಡಿತು. ಪ್ರತಿ ವಿಭಾಗಕ್ಕೂ ಒಬ್ಬ ನಿರ್ದೇಶಕರಿದ್ದರು. ಸೂರ್ಯ ವಿಭಾಗದ ಮೊದಲ ನಿರ್ದೇಶಕಿ ಎಲಿಜಬೆತ್ ಬ್ರೌನ್. ಸದಸ್ಯರು ಚಿತ್ರಿಸಿ ಕಳಿಸಿದ ಸೂರ್ಯನ ಕಲೆಗಳನ್ನು ಒಟ್ಟುಗೂಡಿಸಿ ವರದಿ ಮಾಡುವುದು ಆ ವಿಭಾಗದ ಕೆಲಸವಾಗಿತ್ತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಸಂಘ ಒಂದೇ, ಸಭೆ ಒಂದೇ, ಪತ್ರಿಕೆ ಒಂದೇ. ವಿಭಾಗಗಳು ಬೇರೆಬೇರೆಯಾಗಿ ದುಡಿದು, ದುಡಿದದ್ದನ್ನು ಎಲ್ಲರ ಮುಂದೆ ತಂದಿಡುತ್ತಿದ್ದವು. ಚಂದ್ರನನ್ನು ನೋಡುವವರು ಮಂಗಳದ ವರದಿಯನ್ನೂ ಓದುತ್ತಿದ್ದರು.

ತಾವೂ ಹೀಗೆಯೇ ಮಾಡಿ. ಕಾಂತಿ ಬದಲಾಗುವ ನಕ್ಷತ್ರಗಳ ಲೆಕ್ಕ ಇಡುವವರು ಐದಾರು ಜನರಿದ್ದರೂ ಅವರಿಗೆ ಒಂದು ಉಪಗುಂಪು ಕೊಡಬಹುದು, ಏಕೆಂದರೆ ಅವರದು ತಪ್ಪದೆ ಪುನರಾವರ್ತನೆಯಾಗುವ ಕೆಲಸ. ಯಾವ ರಾತ್ರಿ ಯಾರು ಯಾವ ನಕ್ಷತ್ರ ನೋಡಿದರು, ಅಂದಾಜು ಎಷ್ಟು, ಮೋಡವಿತ್ತೇ ಎಂಬ ಟಿಪ್ಪಣಿಗಳು ಉಳಿದವರಿಗೆ ಬರಿಯ ಸಂಖ್ಯೆಗಳಂತೆ ತೋರುತ್ತವೆ. ಆದರೆ ತಿಂಗಳಿಗೊಮ್ಮೆ ಅವರಲ್ಲೊಬ್ಬರು ಎಲ್ಲರಿಗೂ ಅರ್ಥವಾಗುವಂತೆ ಒಂದು ಪುಟ ಬರೆದು ದೊಡ್ಡ ಗುಂಪಿಗೆ ಹಾಕಬೇಕೆಂಬ ಕರಾರಿನ ಮೇಲೆ ಮಾತ್ರ ಕೊಡಿ. ಹೊಣೆ ಹೊರುವವರ ಹೆಸರು ಮೊದಲೇ ಗೊತ್ತಾಗಿರಲಿ. ಹೆಸರು ಸಿಗದಿದ್ದರೆ ಆ ಉಪಗುಂಪಿಗೆ ಕಾಲ ಬಂದಿಲ್ಲವೆಂದೇ ತಿಳಿಯಿರಿ. ಉಲ್ಕೆ ಎಣಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ. ದೂರದರ್ಶಕ ಮಾಡುವವರು ಸದ್ಯಕ್ಕೆ ದೊಡ್ಡ ಗುಂಪಿನಲ್ಲೇ ಇರಲಿ, ಅವರ ಮಾತು ಕೇಳಿ ಹೊಸಬರು ಕಲಿಯುವುದು ಬಹಳವಿದೆ.

ಕೊಳ್ಳುವ ಮಾರುವ ವ್ಯವಹಾರವನ್ನು ಮಾತ್ರ ಇವತ್ತೇ ಬೇರೆ ಮಾಡಿ. ಅದರಲ್ಲಿ ಹಣ, ವಿಳಾಸ, ದೂರವಾಣಿ ಸಂಖ್ಯೆ, ವಾದ ಎಲ್ಲವೂ ಬರುತ್ತವೆ. ಅದು ಚರ್ಚೆಯಲ್ಲ, ಚರ್ಚೆಯ ಜಾಗದಲ್ಲಿ ಇರಬೇಕಾದದ್ದೂ ಅಲ್ಲ.

ಪ್ರಶ್ನೆ: ನಾನು ನೀಹಾರಿಕೆಗಳ ಛಾಯಾಚಿತ್ರ ತೆಗೆಯುತ್ತೇನೆ. ಯಾವ ದೂರದರ್ಶಕ ಕೊಳ್ಳಲಿ ಎಂಬ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳುತ್ತ ನಮ್ಮ ಸಮಯವೆಲ್ಲ ಹೋಗುತ್ತದೆ. ನಾವು ಕೆಲವರು ಬೇರೆ ಗುಂಪು ಮಾಡಿಕೊಂಡರೆ ಅದು ಸ್ವಾರ್ಥವೇ?

ಉತ್ತರ: ಸ್ವಾರ್ಥವಲ್ಲ. ತಮ್ಮ ಕೆಲಸದ ಬಹುಭಾಗ ಬೇರೆಯವರು ಅನುಸರಿಸಲಾಗದಂಥದ್ದು. ಕ್ಯಾಮೆರಾದ ಬಾಯಿ ಮುಚ್ಚಿ, ಚಿತ್ರ ತೆಗೆದಷ್ಟೇ ಹೊತ್ತು, ಅದೇ ಉಷ್ಣತೆಯಲ್ಲಿ ಬರಿಗತ್ತಲೆಯ ಚಿತ್ರಗಳನ್ನು ತೆಗೆದು ಸೆನ್ಸರ್‌ನ ಕಾರಣಕ್ಕೆ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು ಕಳೆಯುವುದು, ಒಂದೇ ಸಮನೆ ಬೆಳಗಿದ ಬಿಳಿ ಮೇಲ್ಮೈಯ ಚಿತ್ರ ತೆಗೆದು ಲೆನ್ಸಿನ ಅಂಚಿನ ಮಬ್ಬನ್ನೂ ಧೂಳಿನ ನೆರಳನ್ನೂ ಸರಿಪಡಿಸುವುದು, ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಕೂಡಿಸುವುದು, ಇವುಗಳಲ್ಲಿ ಒಂದು ಹೆಜ್ಜೆ ತಪ್ಪಿದಾಗ ತಾವು ಪರಸ್ಪರ ಕಳಿಸಿಕೊಳ್ಳುವ ಪರೀಕ್ಷಾಚಿತ್ರಗಳೇ ಒಂದು ಸಂಜೆಗೆ ಇಪ್ಪತ್ತು ಮೂವತ್ತಾಗುತ್ತವೆ. ಇಂಥ ಕೈಕೆಲಸದ ಮಾತಿಗೆ ಬೇರೆ ಜಾಗ ಬೇಕೇ ಬೇಕು.

ಆದರೆ ಎರಡು ವಿಷಯಗಳನ್ನು ಕೇಳಿಕೊಳ್ಳುತ್ತೇವೆ. ಮುಗಿದ ಚಿತ್ರವನ್ನು ದೊಡ್ಡ ಗುಂಪಿಗೇ ತನ್ನಿ. ಬರಿಯ ಚಿತ್ರವನ್ನಲ್ಲ, ಯಾವ ಉಪಕರಣ, ಒಟ್ಟು ಎಷ್ಟು ಹೊತ್ತಿನ ಬೆಳಕು, ಆಕಾಶ ಎಷ್ಟು ಕತ್ತಲಿತ್ತು ಎಂಬ ವಿವರದೊಂದಿಗೆ ತನ್ನಿ. ಬರಿಗಣ್ಣಿಗೆ ಬಣ್ಣ ಕಾಣದ ನೀಹಾರಿಕೆ ಚಿತ್ರದಲ್ಲಿ ಕೆಂಪಾಗಿ ಏಕೆ ಕಾಣುತ್ತದೆಂದು ಹೊಸಬರು ಕೇಳುವುದು ಆಗಲೇ, ಮತ್ತು ದೂರದರ್ಶಕದಲ್ಲಿ ಬೂದು ಮಬ್ಬನ್ನು ಕಂಡು ನಿರಾಶರಾಗಿ ಹವ್ಯಾಸವನ್ನೇ ಬಿಡುವವರನ್ನು ಉಳಿಸುವ ಉತ್ತರವೂ ತಮ್ಮ ಬಳಿಯೇ ಇದೆ. ಎರಡನೆಯದಾಗಿ, ಮತ್ತೆ ಮತ್ತೆ ಬರುವ ಕೊಳ್ಳುವ ಪ್ರಶ್ನೆಗೆ ತಾವು ಕೆಲವರು ಸೇರಿ ಒಮ್ಮೆ ಪೂರ್ಣವಾದ ಉತ್ತರ ಬರೆದು ಪಿನ್ ಮಾಡಿಬಿಡಿ. ಕೇಳುವವರು ನೋಡುವ ಉದ್ದೇಶಕ್ಕೆ ಕೊಳ್ಳುತ್ತಿದ್ದಾರೋ ಚಿತ್ರ ತೆಗೆಯುವ ಉದ್ದೇಶಕ್ಕೋ, ಎಷ್ಟು ಭಾರವನ್ನು ಹೊತ್ತು ಒಯ್ಯಬಲ್ಲರು, ಈಗಾಗಲೇ ಬೈನಾಕ್ಯುಲರ್‌ನಲ್ಲಿ ಆಕಾಶ ನೋಡಿದ್ದಾರೋ ಎಂಬ ಮೂರು ವಿಷಯ ಕೇಳಿಕೊಂಡು ಬರೆದ ಉತ್ತರ ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಪ್ರಶ್ನೆ: ಆರಂಭಿಕರಿಗೆ ಪ್ರತ್ಯೇಕ ಗುಂಪು ಮಾಡಿದರೆ ಅವರಿಗೇ ಒಳ್ಳೆಯದಲ್ಲವೇ? ದೊಡ್ಡವರ ನಡುವೆ ಬಾಯಿ ಬಿಡಲು ಅವರು ಹಿಂಜರಿಯುತ್ತಾರೆ.

ಉತ್ತರ: ಹಿಂಜರಿಕೆಯ ಮಾತು ಸತ್ಯ, ಪರಿಹಾರ ಸರಿಯಿಲ್ಲ. ಎಲ್ಲ ಬಗೆಯ ವಿಭಜನೆಗಳಲ್ಲಿ ನಾವು ಅತಿ ಹೆಚ್ಚು ವಿರೋಧಿಸುವುದು ಇದನ್ನೇ. ವಿಷಯದಿಂದ ವಿಂಗಡಿಸಿದರೆ ಪ್ರತಿ ಗುಂಪಿನಲ್ಲೂ ಬಲ್ಲವರು ಸ್ವಲ್ಪವಾದರೂ ಇರುತ್ತಾರೆ. ಅನುಭವದಿಂದ ವಿಂಗಡಿಸಿದರೆ ಒಂದು ಕಡೆ ಕೇಳುವವರು ಮಾತ್ರ, ಇನ್ನೊಂದು ಕಡೆ ಬಲ್ಲವರು ಮಾತ್ರ ಉಳಿಯುತ್ತಾರೆ. ಮೊದಲ ವಾರ ಹಿರಿಯರು ಉತ್ಸಾಹದಿಂದ ಆರಂಭಿಕರ ಗುಂಪಿಗೆ ಬರುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಾರೆ. ಆಗ ಹೊಸಬರಿಗೆ ಉತ್ತರ ಹೇಳುವವರು ಅವರಿಗಿಂತ ಎರಡು ತಿಂಗಳು ಮೊದಲು ಸೇರಿದ ಹೊಸಬರು. ಸೂರ್ಯನನ್ನು ದೂರದರ್ಶಕದಲ್ಲಿ ನೋಡುವ ಬಗ್ಗೆ ಅಂಥ ಕಡೆ ಒಂದು ತಪ್ಪು ಸಲಹೆ ಬಂದರೆ ಕಣ್ಣೇ ಹೋಗಬಹುದು. ಸೂರ್ಯನ ಬೆಳಕನ್ನು ತಗ್ಗಿಸುವ ಸೋಸುಗಾಜನ್ನು (ಫಿಲ್ಟರ್) ದೂರದರ್ಶಕದ ಮುಂಬಾಯಿಗೆ ಹಾಕಬೇಕು, ಕಣ್ಣಿಡುವ ಕಡೆ ಹಾಕಿದ ಗಾಜು ಶಾಖಕ್ಕೆ ಒಡೆಯಬಹುದು ಎಂದು ತಕ್ಷಣ ಎಚ್ಚರಿಸುವ ಹಿರಿಯರು ಆ ಜಾಗದಲ್ಲಿ ಇರಲೇಬೇಕು.

ಅನುಭವದ ಮೇಲೆ ವಿಂಗಡಿಸಿ ಯಶಸ್ವಿಯಾದ ಉದಾಹರಣೆ ಇಲ್ಲವೇ ಎಂದರೆ ಇದೆ. ಸಂಶೋಧನೆಯ ಮಟ್ಟದ ಗಣಿತಕ್ಕಾಗಿ 2009ರಲ್ಲಿ ಮ್ಯಾಥ್‌ಓವರ್‌ಫ್ಲೋ ಆರಂಭವಾಯಿತು, ಎಲ್ಲ ಮಟ್ಟದ ಗಣಿತಪ್ರಶ್ನೆಗಳಿಗಾಗಿ ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಗಣಿತ ತಾಣ 2010ರಲ್ಲಿ ಬಂತು. ಎರಡೂ ಇಂದಿಗೂ ನಡೆಯುತ್ತಿವೆ. ಆದರೆ ಎರಡನೆಯದು ಆರಂಭಿಕರ ಕೋಣೆಯಲ್ಲ. ಅಲ್ಲಿ ಶಾಲೆಯ ಪ್ರಶ್ನೆಯೂ ಸ್ನಾತಕೋತ್ತರ ಪ್ರಶ್ನೆಯೂ ಪಕ್ಕಪಕ್ಕದಲ್ಲಿರುತ್ತವೆ, ಒಳ್ಳೆಯ ಉತ್ತರಕ್ಕೆ ಓದುಗರು ಅಂಕ ಕೊಡುತ್ತಾರೆ, ಪ್ರಪಂಚದ ನಾನಾ ಭಾಗಗಳ ಅಪಾರ ಸಂಖ್ಯೆಯ ಜನ ಅದನ್ನು ಬಳಸುತ್ತಾರೆ. 600 ಜನರ ಗುಂಪಿಗೆ ಆ ಬಲವಿಲ್ಲ.

ಹಿಂಜರಿಕೆಯನ್ನು ಕಳೆಯಲು ಬೇರೆ ದಾರಿಗಳಿವೆ. ವಾರದಲ್ಲಿ ಒಂದು ದಿನವನ್ನು ಮೊದಲ ಪ್ರಶ್ನೆಗಳ ದಿನವೆಂದು ಗೊತ್ತುಮಾಡಿ, ಅಂದು ಮೊದಲ ಉತ್ತರ ಹೇಳುವ ಹೊಣೆಯನ್ನು ಹಿರಿಯರೊಬ್ಬರು ಸರದಿಯ ಮೇಲೆ ವಹಿಸಿಕೊಳ್ಳಲಿ. ಹೊಸದಾಗಿ ಸೇರಿದವರನ್ನು ಹೆಸರು ಹಿಡಿದು ಸ್ವಾಗತಿಸಿ, ಅವರು ಯಾವ ಆಕಾಶದ ಕೆಳಗಿದ್ದಾರೆ, ಏನು ನೋಡಿದ್ದಾರೆ ಎಂದು ಕೇಳಲಿ. ಇಷ್ಟು ಗೊತ್ತಿಲ್ಲವೇ ಎಂಬ ಧಾಟಿಯ ಉತ್ತರ ಬರೆದವರು ಎಷ್ಟೇ ಹಿರಿಯರಾಗಿರಲಿ, ನಿರ್ವಾಹಕರು ಅವರಿಗೆ ಖಾಸಗಿಯಾಗಿ ತಿಳಿಹೇಳಲೇಬೇಕು. ಒಂದು ಗುಂಪು ಹೊಸಬರನ್ನು ಉಳಿಸಿಕೊಳ್ಳುತ್ತದೋ ಇಲ್ಲವೋ ಎಂಬುದು ಆ ಒಂದು ಧಾಟಿಯ ಮೇಲೆ ನಿಂತಿದೆ ಎಂದು ನಾವು ದೃಢವಾಗಿ ನಂಬುತ್ತೇವೆ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಈ ಬಗ್ಗೆ ಮತದಾನ ನಡೆಯಿತು. ಒಡೆಯಬೇಕು ಎಂದವರು ಸ್ವಲ್ಪ ಹೆಚ್ಚು, ಬೇಡ ಎಂದವರು ಸ್ವಲ್ಪ ಕಡಿಮೆ. ಬಹುಮತವನ್ನು ಒಪ್ಪಲೇಬೇಕಲ್ಲವೇ?

ಉತ್ತರ: ಇಂಥ ವಿಷಯದಲ್ಲಿ ಅಲ್ಪ ಬಹುಮತ ಸಾಲದು. ವೆಬ್ ಬರುವುದಕ್ಕೆ ಮುಂಚೆಯೇ, 1980ರಲ್ಲಿ ಆರಂಭವಾದ ಯೂಸ್‌ನೆಟ್ ಎಂಬ ಚರ್ಚಾಜಾಲ ಇದಕ್ಕೊಂದು ದಾರಿ ಕಂಡುಕೊಂಡಿತ್ತು. ಅಲ್ಲಿನ ಗುಂಪುಗಳು ಲೆಕ್ಕವಿಲ್ಲದಷ್ಟಾದಾಗ 1986-87ರಲ್ಲಿ ಅವನ್ನು ಕಂಪ್ಯೂಟರ್, ವಿಜ್ಞಾನ, ಮನರಂಜನೆ, ಸಮಾಜ, ವಾದವಿವಾದ, ಜಾಲದ ಸುದ್ದಿ, ಇತರೆ ಎಂಬ ಏಳು ಶಾಖೆಗಳಲ್ಲಿ ಹೊಸ ಹೆಸರಿನೊಂದಿಗೆ ಜೋಡಿಸಲಾಯಿತು. ಎಲ್ಲಿಯೂ ಸೇರದ ಮಾತಿಗೂ ಒಂದು ಶಾಖೆ ಇಟ್ಟರೆಂಬುದನ್ನು ಗಮನಿಸಿ. ಆಮೇಲೆ ಹೊಸ ಗುಂಪು ಬೇಕೆಂದವರು ಅದರ ಹೆಸರು ಮತ್ತು ವ್ಯಾಪ್ತಿಯನ್ನು ಮೊದಲು ಚರ್ಚೆಗೆ ಇಡಬೇಕಿತ್ತು, ನಂತರ ಮತದಾನ. ಬೇಕೆಂಬ ಮತಗಳು ಮೂರನೇ ಎರಡು ಭಾಗಕ್ಕಿಂತ ಕಡಿಮೆ ಇರಬಾರದು, ಬೇಡವೆಂಬ ಮತಗಳಿಗಿಂತ ಕನಿಷ್ಠ 100 ಹೆಚ್ಚಿರಬೇಕು ಎಂಬ ಎರಡು ಷರತ್ತುಗಳೂ ಇದ್ದವು. ಆ ನೂರರ ಷರತ್ತು ನಮಗೆ ಬಹಳ ವಿವೇಕದ್ದೆಂದು ತೋರುತ್ತದೆ. ವಿರೋಧವಿಲ್ಲದಿರುವುದು ಸಾಲದು, ಬೇಕೆನ್ನುವವರೇ ಸಾಕಷ್ಟು ಜನ ಇರಬೇಕು.

ತಮ್ಮ ಗುಂಪಿನಲ್ಲಿ ಮತ್ತೊಮ್ಮೆ ಕೇಳುವುದಾದರೆ ಒಡೆಯಬೇಕೇ ಬೇಡವೇ ಎಂದು ಕೇಳಬೇಡಿ. ಇಂಥ ಉಪಗುಂಪು ಆದರೆ ಅದರಲ್ಲಿ ಮುಂದಿನ ಮೂರು ತಿಂಗಳು ಬರೆಯಲು, ಉತ್ತರಿಸಲು ಯಾರು ಯಾರು ಸಿದ್ಧರಿದ್ದೀರಿ ಎಂದು ಕೇಳಿ. ಸಿಗುವ ಹೆಸರುಗಳ ಪಟ್ಟಿಯೇ ಉತ್ತರ ಹೇಳುತ್ತದೆ. ಪ್ರಾಯೋಗಿಕವಾಗಿ ಮಾಡಿ ನೋಡುವುದಾದರೆ, ಒಂದೇ ಗುಂಪಿನೊಳಗೆ ವಿಷಯವಾರು ಎಳೆಗಳನ್ನು ಇಡುವ ಸೌಲಭ್ಯವನ್ನು ಮೊದಲು ಬಳಸಿ. ಟೆಲಿಗ್ರಾಂನಲ್ಲಿ 2022ರಿಂದ ಇದು ಇದೆ. ಸದಸ್ಯತ್ವ ಒಂದೇ ಆಗಿರುವುದರಿಂದ ಯಾರೂ ಯಾವ ಎಳೆಯಿಂದಲೂ ಹೊರಗುಳಿಯುವುದಿಲ್ಲ, ಬೇಡದ ಎಳೆಯನ್ನಷ್ಟೇ ಮ್ಯೂಟ್ ಮಾಡಬಹುದು. ಅದೇ ವರ್ಷ ಬಂದ ವಾಟ್ಸಾಪ್ ಕಮ್ಯುನಿಟಿಯಲ್ಲಿ ಒಂದು ಪ್ರಕಟಣೆಯ ಗುಂಪಿನ ಕೆಳಗೆ ಬೇರೆ ಬೇರೆ ಗುಂಪುಗಳಿರುತ್ತವೆ, ಆದರೆ ಒಂದೊಂದನ್ನೂ ಸದಸ್ಯರು ಬೇರೆಯಾಗಿ ಸೇರಬೇಕು. ಎಲ್ಲರೂ ಸೇರುವ ಒಂದು ಸಾಮಾನ್ಯ ಚರ್ಚಾಗುಂಪನ್ನು ಅದರಡಿ ತಪ್ಪದೆ ಇಟ್ಟುಕೊಳ್ಳಿ, ಪ್ರಕಟಣೆಯ ಗುಂಪು ಆ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ನಾವು ಈಗಾಗಲೇ ಒಡೆದುಕೊಂಡಿದ್ದೇವೆ. ನಾಲ್ಕರಲ್ಲಿ ಎರಡು ಗುಂಪುಗಳು ತಿಂಗಳುಗಟ್ಟಲೆಯಿಂದ ಮೌನವಾಗಿವೆ. ಮತ್ತೆ ಒಂದಾಗುವುದು ಹೇಗೆ?

ಉತ್ತರ: ನಾಲ್ಕನ್ನೂ ಒಮ್ಮೆಗೇ ಕೂಡಿಸಲು ಹೋಗಬೇಡಿ. ಚೆನ್ನಾಗಿ ನಡೆಯುತ್ತಿರುವ ಎರಡರಲ್ಲಿ ಯಾವುದರ ವ್ಯಾಪ್ತಿ ಹಿರಿದೋ ಅದನ್ನು ಸಾಮಾನ್ಯ ಗುಂಪೆಂದು ಸಾರಿ, ಅದರ ಹೆಸರು ಮತ್ತು ವಿವರಣೆಯನ್ನು ಎಲ್ಲರಿಗೂ ಹೊಂದುವಂತೆ ಬದಲಿಸಿ. ಹಳೆಯ ವಿಷಯದ ಹೆಸರೇ ಉಳಿದಿದ್ದರೆ ಬೇರೆ ಆಸಕ್ತಿಯವರು ಅಲ್ಲಿ ಬಾಯಿ ಬಿಡುವುದಿಲ್ಲ. ಇನ್ನೊಂದು ಗುಂಪು ತನ್ನ ಪಾಡಿಗೆ ನಡೆಯಲಿ.

ಮೌನವಾಗಿರುವ ಎರಡರ ಸದಸ್ಯರನ್ನು ಕೇಳದೆ ಎತ್ತಿ ಹಾಕಿದರೆ ಅವರು ಹೊರಟುಹೋಗುತ್ತಾರೆ, ಆದ್ದರಿಂದ ಆಹ್ವಾನದ ಕೊಂಡಿ ಕೊಟ್ಟು ಒಂದು ತಿಂಗಳ ಅವಧಿ ಕೊಡಿ. ಆ ಗುಂಪುಗಳಲ್ಲಿ ಒಂದು ಕಾಲಕ್ಕೆ ಬರೆಯುತ್ತಿದ್ದ ನಾಲ್ಕಾರು ಮಂದಿಗೆ ಮಾತ್ರ ನಿರ್ವಾಹಕರು ಸ್ವತಃ ಕರೆ ಮಾಡಿ ಮಾತಾಡಲಿ, ಅವರು ಬಂದರೆ ಉಳಿದವರಲ್ಲಿ ಬರಬೇಕಾದವರು ಬರುತ್ತಾರೆ. ಅವರು ಬರುವ ವಾರಕ್ಕೆ ಸರಿಯಾಗಿ ಎಲ್ಲರೂ ಕೂಡಿ ಮಾಡಬಹುದಾದ ಒಂದು ವೀಕ್ಷಣೆಯನ್ನು ಇಟ್ಟುಕೊಳ್ಳಿ. ಡಿಸೆಂಬರ್ ನಡುವಿನ ಜೆಮಿನಿಡ್ ಉಲ್ಕಾವರ್ಷ ಇದಕ್ಕೆ ಬಹಳ ಅನುಕೂಲ. ಅದಕ್ಕೆ ಉಪಕರಣ ಬೇಡ, ಹೊಸಬರೂ ಎಣಿಸಬಹುದು, ಛಾಯಾಚಿತ್ರಕಾರರಿಗೂ ಕೆಲಸವಿರುತ್ತದೆ.

ಹಳೆಯ ಗುಂಪುಗಳನ್ನು ಅಳಿಸಬೇಡಿ. ಬರೆಯುವ ಸೌಲಭ್ಯವನ್ನು ಮಾತ್ರ ನಿಲ್ಲಿಸಿ ಓದಲು ತೆರೆದಿಡಿ, ಅಲ್ಲಿನ ಒಳ್ಳೆಯ ಉತ್ತರಗಳಲ್ಲಿ ಹತ್ತಿಪ್ಪತ್ತನ್ನು ಆರಿಸಿ, ಬರೆದವರ ಒಪ್ಪಿಗೆ ಪಡೆದು ಸಾಮಾನ್ಯ ಗುಂಪಿನ ಸಂಗ್ರಹಕ್ಕೆ ಅವರ ಹೆಸರಿನೊಂದಿಗೇ ಸೇರಿಸಿ. ನಿಲ್ಲಿಸುವ ಮುನ್ನ ಕೊನೆಯ ಸಂದೇಶವಾಗಿ ಹೊಸ ಜಾಗದ ಕೊಂಡಿಯನ್ನು ಹಾಕಿಡಿ, ಏಕೆಂದರೆ ವರ್ಷ ಕಳೆದ ಮೇಲೂ ಯಾರಾದರೂ ಹುಡುಕಿಕೊಂಡು ಅಲ್ಲಿಗೆ ಬರುತ್ತಾರೆ.